ಗಿಣಿಪಾಠದೊಳಗಿನ ಮಾತು

1800ರ ಜನವರಿಯಲ್ಲಿ ಫ್ರಾನ್ಸಿನ ದಕ್ಷಿಣದ ಅವೆರೋನ್ ಸೀಮೆಯ ಹಳ್ಳಿಯೊಂದರ ಜನರಿಗೆ ಕಾಡಿನಿಂದ ಬಂದ ಹುಡುಗನೊಬ್ಬ ಸಿಕ್ಕಿದ. ವಯಸ್ಸು ಹನ್ನೊಂದೋ ಹನ್ನೆರಡೋ ಇದ್ದೀತು. ಕಿವಿ ಕೇಳುತ್ತಿತ್ತು, ಮಾತು ಮಾತ್ರ ಇರಲಿಲ್ಲ. ಅವನನ್ನು ಪ್ಯಾರಿಸ್ಸಿಗೆ ಕರೆತಂದು ಕಿವುಡ ಮಕ್ಕಳ ರಾಷ್ಟ್ರೀಯ ಸಂಸ್ಥೆಯಲ್ಲಿ ಇಟ್ಟರು. ಆ ಕಾಲದ ಹೆಸರಾಂತ ವೈದ್ಯ ಪಿನೆಲ್ ಅವನನ್ನು ಪರೀಕ್ಷಿಸಿ, ಇವನು ಬುದ್ಧಿಮಾಂದ್ಯ, ಕಲಿಸಿ ಪ್ರಯೋಜನವಿಲ್ಲ ಎಂದು ಕೈಚೆಲ್ಲಿದ. ಸಂಸ್ಥೆಯ ಯುವ ವೈದ್ಯ ಝಾನ್ ಮಾರ್ಕ್ ಇತಾರ್ ಅದನ್ನು ಒಪ್ಪಲಿಲ್ಲ. ಹುಡುಗನಿಗೆ ವಿಕ್ಟರ್ ಎಂದು ಹೆಸರಿಟ್ಟು, ಅವನಿಗೆ ಮಾತು ಕಲಿಸುವ ಕೆಲಸಕ್ಕೆ ಕೂತ.

ವಿಕ್ಟರ್‌ಗೆ ಹಾಲೆಂದರೆ ಪ್ರಾಣ. ಫ್ರೆಂಚಿನಲ್ಲಿ ಹಾಲಿಗೆ ‘ಲೆ’ ಅನ್ನುತ್ತಾರೆ. ಇತಾರ್ ಹಾಲನ್ನು ಎದುರಿಗಿಟ್ಟುಕೊಂಡು ಆ ಪದವನ್ನು ಮತ್ತೆ ಮತ್ತೆ ಹೇಳಿದ. ಕೆಲವೇ ದಿನಗಳಲ್ಲಿ ಹುಡುಗ ‘ಲೆ’ ಅಂದೇಬಿಟ್ಟ. ಆದರೂ ಇತಾರ್‌ಗೆ ಸಮಾಧಾನವಾಗಲಿಲ್ಲ. ಹಾಲು ಕಣ್ಣಿಗೆ ಬಿದ್ದು ಕೈಗೆ ಬಂದ ಮೇಲೆ ಖುಷಿಗೆ ‘ಲೆ’ ಅನ್ನುತ್ತಿದ್ದನೇ ಹೊರತು, ಹಾಲು ಕೊಡಿ ಎಂದು ಕೇಳುವುದಕ್ಕೆ ಆ ಪದವನ್ನು ಬಳಸುತ್ತಿರಲಿಲ್ಲ. ಬೇಸತ್ತ ಇತಾರ್ ಬಿಡಿ ಅಕ್ಷರಗಳ ಆಟಕ್ಕೆ ಹೊರಳಿದ. ಹಾಲು ಎಂಬ ಪದದ ನಾಲ್ಕು ಅಕ್ಷರಗಳನ್ನು ಜೋಡಿಸಿದರೆ ಹಾಲು ಸಿಗುತ್ತದೆ ಎಂಬುದನ್ನು ವಿಕ್ಟರ್ ಬೇಗ ಕಲಿತ. ಒಂದು ವಾರದ ನಂತರ, ದಿನವೂ ಹಾಲು ಕುಡಿಯಲು ಹೋಗುತ್ತಿದ್ದ ಪರಿಚಿತರ ಮನೆಗೆ ಹೊರಟಾಗ, ಯಾರೂ ಹೇಳದೆಯೇ ಆ ನಾಲ್ಕು ಅಕ್ಷರಗಳನ್ನು ಜೇಬಿಗೆ ಹಾಕಿಕೊಂಡು ಹೋಗಿ ಅಲ್ಲಿನ ಮೇಜಿನ ಮೇಲೆ ಜೋಡಿಸಿಟ್ಟ.

ಇಂದಿನ ಯಾವುದೇ ಸ್ಪೀಚ್ ಥೆರಪಿಸ್ಟ್ ಈ ಪ್ರಸಂಗವನ್ನು ಕೇಳಿದರೆ, ಹುಡುಗ ಮಾತಾಡಿಯೇಬಿಟ್ಟನಲ್ಲ ಎನ್ನುತ್ತಾರೆ. ಇತಾರ್ ಕೂಡ ಅಕ್ಷರಗಳನ್ನು ಕಂಡು ಹಿಗ್ಗಿದ. ಆದರೆ ಅವನು ಕಾಯುತ್ತಿದ್ದದ್ದು ಬಾಯಿಂದ ಬರುವ ಮಾತಿಗೆ. ಅದು ಬರಲಿಲ್ಲ. 1806ರ ವರದಿಯಲ್ಲಿ, ಮಾತು ಕಲಿಸುವ ಪ್ರಯತ್ನವನ್ನು ಕೈಬಿಟ್ಟೆ ಎಂದು ಬರೆದ. ವಿಕ್ಟರ್ 1828ರಲ್ಲಿ ತೀರಿಕೊಂಡ. ಅವನಿಗೆ ಆಟಿಸಂ ಇದ್ದಿರಬಹುದು ಎಂದು ಮನೋವಿಜ್ಞಾನಿ ಉಟಾ ಫ್ರಿತ್ 1989ರಲ್ಲಿ ವಾದಿಸಿದರು. ಅದನ್ನು ಈಗ ಖಚಿತಪಡಿಸಲು ದಾರಿಯಿಲ್ಲ. ಆದರೆ ಇತಾರ್ ಎದುರಿಸಿದ ಪ್ರಶ್ನೆ ಮಾತ್ರ ಎರಡು ಶತಮಾನಗಳ ಕಾಲ ಬೇರೆ ಬೇರೆ ರೂಪದಲ್ಲಿ ಮರಳಿ ಬಂದಿದೆ: ಮಗುವಿನ ಬಾಯಿಂದ ಪದ ಹೊರಡಿಸುವುದು ಮೊದಲ ಕೆಲಸವೋ, ಅದು ಈಗಾಗಲೇ ಹೇಳುತ್ತಿರುವುದನ್ನು ಅರ್ಥಮಾಡಿಕೊಳ್ಳುವುದು ಮೊದಲ ಕೆಲಸವೋ? ಆಟಿಸಂ ಇರುವ ಮಕ್ಕಳ ಮಾತಿನ ಚಿಕಿತ್ಸೆಯ ಚರಿತ್ರೆಯನ್ನು ಈ ಒಂದು ಪ್ರಶ್ನೆಯ ಎಳೆ ಹಿಡಿದು ಓದಬಹುದು.

ಸ್ಪೀಚ್ ಥೆರಪಿ ಒಂದು ವೃತ್ತಿಯಾಗಿ ಸಂಘಟಿತವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅಮೆರಿಕದಲ್ಲಿ ಈ ವೃತ್ತಿಯವರ ಸಂಘ ಹುಟ್ಟಿದ್ದು 1925ರಲ್ಲಿ, ಬ್ರಿಟನ್ನಿನಲ್ಲಿ ಕಾಲೇಜ್ ಆಫ್ ಸ್ಪೀಚ್ ಥೆರಪಿಸ್ಟ್ಸ್ ಸ್ಥಾಪನೆಯಾದದ್ದು 1945ರಲ್ಲಿ. ಆಗ ಅವರ ಮುಂದಿದ್ದವರು ಉಗ್ಗುವವರು, ಸೀಳುತುಟಿಯ ಮಕ್ಕಳು, ಉಚ್ಚಾರ ತಪ್ಪುವವರು, ಯುದ್ಧದಲ್ಲಿ ತಲೆಗೆ ಪೆಟ್ಟು ಬಿದ್ದು ಮಾತು ಕಳೆದುಕೊಂಡ ಸೈನಿಕರು. ಇವರೆಲ್ಲರಿಗೂ ಹೇಳಬೇಕಾದದ್ದು ಗೊತ್ತಿತ್ತು, ಹೇಳಲು ಆಗುತ್ತಿರಲಿಲ್ಲ. ಪದಗಳನ್ನು ಸ್ಪಷ್ಟವಾಗಿ ಉಚ್ಚರಿಸುತ್ತಾ, ಅವುಗಳಿಂದ ಏನು ಹೇಳುತ್ತಿದೆ ಎಂಬುದೇ ತಿಳಿಯದಂತಿದ್ದ ಮಗುವಿಗೆ ಏನು ಮಾಡಬೇಕು ಎಂಬುದು ಅವರ ಪಾಠದಲ್ಲಿ ಇರಲಿಲ್ಲ.

ಅಂಥ ಮಕ್ಕಳ ಬಗ್ಗೆ ಮೊದಲು ವಿವರವಾಗಿ ಬರೆದವರಲ್ಲಿ ಪ್ರಮುಖ ಲಿಯೊ ಕಾನರ್. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಮಕ್ಕಳ ಮನೋವೈದ್ಯ. 1943ರಲ್ಲಿ ಹನ್ನೊಂದು ಮಕ್ಕಳನ್ನು ಕುರಿತು ಪ್ರಕಟಿಸಿದ ಲೇಖನದಲ್ಲಿ ‘ಆಟಿಸ್ಟಿಕ್’ ಎಂಬ ಪದವನ್ನು ಬಳಸಿದ. ಹನ್ನೊಂದರಲ್ಲಿ ಎಂಟು ಮಕ್ಕಳಿಗೆ ಮಾತು ಬಂದಿತ್ತು, ಮೂವರಿಗೆ ಬಂದಿರಲಿಲ್ಲ. ಮೊದಲ ಮಗು ಡೊನಾಲ್ಡ್. ಅವನಿಗೆ ಸ್ನಾನ ಬೇಕಾದಾಗ, ನಿನಗೆ ಸ್ನಾನ ಬೇಕಾ ಎಂದು ತಾಯಿಯನ್ನೇ ಕೇಳುತ್ತಿದ್ದ. ತನ್ನನ್ನು ‘ನೀನು’ ಎಂದೂ ಎದುರಿನವರನ್ನು ‘ನಾನು’ ಎಂದೂ ಕರೆಯುತ್ತಿದ್ದ. ಒಮ್ಮೆ ಅವನ ಅಪ್ಪ, ‘ಹೌದು’ ಅಂದರೆ ಹೆಗಲ ಮೇಲೆ ಕೂರಿಸಿಕೊಳ್ಳುತ್ತೇನೆ ಎಂದು ಹೇಳಿ ಆ ಪದ ಕಲಿಸಿದ. ಡೊನಾಲ್ಡ್ ಕಲಿತ. ಆದರೆ ಬಹುಕಾಲ ಅವನ ಪಾಲಿಗೆ ‘ಹೌದು’ ಎಂದರೆ ‘ನನ್ನನ್ನು ಹೆಗಲ ಮೇಲೆ ಕೂರಿಸಿಕೋ’ ಎಂದೇ ಅರ್ಥವಾಗಿತ್ತು.

1943ರ ಲೇಖನದಲ್ಲಿ ಕಾನರ್‌ನ ತೀರ್ಮಾನ ಕಠಿಣವಾಗಿತ್ತು. ಮಾತು ಬಂದ ಆ ಎಂಟು ಮಕ್ಕಳಿಗೂ ವರ್ಷಗಟ್ಟಲೆ ಮಾತು ಇನ್ನೊಬ್ಬರಿಗೆ ಅರ್ಥ ತಲುಪಿಸುವ ಸಾಧನವಾಗಿರಲಿಲ್ಲ ಎಂದು ಬರೆದ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಗಿಣಿಪಾಠ. ಮೂರು ವರ್ಷಗಳ ನಂತರ ಅವನೇ ಅದನ್ನು ಮತ್ತೆ ಕೆದಕಿದ. 1946ರ ಲೇಖನದ ಶೀರ್ಷಿಕೆಯಲ್ಲೇ ‘ರೂಪಕ’ ಎಂಬರ್ಥದ ಪದವಿದೆ. ಹನ್ನೊಂದು ಮಕ್ಕಳಲ್ಲಿ ಒಬ್ಬನಾದ ಪಾಲ್, ಅಡುಗೆಮನೆಯ ಬೋಗುಣಿಯಂಥ ಯಾವ ಪಾತ್ರೆ ಕಂಡರೂ ಒಂದು ಶಿಶುಗೀತೆಯ ಎರಡು ಪದಗಳನ್ನು ಗುನುಗುತ್ತಿದ್ದ. ಕೇಳಿದವರಿಗೆ ತಲೆಬುಡ ತಿಳಿಯುತ್ತಿರಲಿಲ್ಲ. ತಾಯಿಯನ್ನು ವಿಚಾರಿಸಿದಾಗ ಗುಟ್ಟು ಹೊರಬಿತ್ತು. ಅವನಿಗೆ ಎರಡು ವರ್ಷವಾಗಿದ್ದಾಗ, ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾ ತಾಯಿ ಅದೇ ಗೀತೆಯನ್ನು ಹೇಳುತ್ತಿದ್ದಳು, ಆಗ ಕೈಯಿಂದ ಪಾತ್ರೆ ಜಾರಿ ಬಿದ್ದಿತ್ತು. ಅಂದಿನಿಂದ ಆ ಪದಗಳೇ ಪಾತ್ರೆಯ ಹೆಸರು. ಮಗುವಿನ ಮಾತಿಗೆ ಅರ್ಥವಿದೆ, ಅದರ ಬೀಗದ ಕೈ ಮಾತ್ರ ಮಗುವಿನ ನೆನಪಿನಲ್ಲಿದೆ ಎಂಬುದನ್ನು ಕಾನರ್ ಹೀಗೆ ಕಂಡುಕೊಂಡ. ಆ ಕೈ ಸಿಕ್ಕಿದ್ದು ತಾಯಿಯನ್ನು ಕೇಳಿದಾಗ ಎಂಬುದನ್ನು ಗಮನಿಸಬೇಕು.

ಏಕೆಂದರೆ ಮುಂದಿನ ಎರಡು ದಶಕಗಳಲ್ಲಿ ತಾಯಂದಿರನ್ನು ಕೇಳುವ ಬದಲು ದೂರುವ ಕಾಲ ಬಂತು. ತಾಯಿಯ ಪ್ರೀತಿಯ ಕೊರತೆಯಿಂದಲೇ ಮಗು ಹೀಗಾಗಿದೆ ಎಂಬ ವಾದ ಬಲವಾಯಿತು. ಬ್ರೂನೊ ಬೆಟೆಲ್‌ಹೈಮ್ 1967ರ ಪುಸ್ತಕದಲ್ಲಿ ಅದನ್ನು ಮನೆಮನೆಗೆ ತಲುಪಿಸಿದ. ಸ್ವತಃ ಆಟಿಸಂ ಇರುವ ಮಗನ ತಂದೆಯಾಗಿದ್ದ ಮನೋವಿಜ್ಞಾನಿ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲೇ ಆಟಿಸಂನ ಬೇರು ಮಿದುಳಿನಲ್ಲಿದೆ, ತಾಯಿಯ ಮಡಿಲಿನಲ್ಲಲ್ಲ ಎಂದು ವಾದಿಸಿದ್ದ. ಗೆದ್ದದ್ದು ಅವನ ವಾದವೇ. ಆದರೆ ಅಷ್ಟರಲ್ಲಿ ಎಷ್ಟೋ ತಾಯಂದಿರು ತಮ್ಮ ಮಗುವಿನ ಮೌನಕ್ಕೆ ತಾವೇ ಕಾರಣ ಎಂಬ ಭಾರ ಹೊತ್ತಿದ್ದರು. ‘ನೀನು ಮಗುವಿನ ಜೊತೆ ಸರಿಯಾಗಿ ಮಾತಾಡೋದೇ ಇಲ್ಲ’ ಎಂಬ ದೂರು ನಮ್ಮ ಮನೆಗಳಲ್ಲಿ ಇವತ್ತೂ ಕೇಳಿಬರುತ್ತದೆ.

ಅದೇ ಹೊತ್ತಿಗೆ ಲಾಸ್ ಏಂಜಲೀಸ್‌ನಲ್ಲಿ ಐವಾರ್ ಲೊವಾಸ್ ಬೇರೆಯದೇ ದಾರಿ ಹಿಡಿದ. 1966ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅವನ ಮತ್ತು ಸಂಗಡಿಗರ ವರದಿ, ಸ್ವಲ್ಪವೂ ಮಾತಿಲ್ಲದ ಇಬ್ಬರು ಹುಡುಗರ ಕುರಿತದ್ದು. ಹುಡುಗ ಯಾವ ಸದ್ದು ಮಾಡಿದರೂ ಮೊದಲು ಒಂದು ಚಮಚ ತಿಂಡಿ. ಆಮೇಲೆ, ದೊಡ್ಡವರು ಸದ್ದು ಮಾಡಿದ ಕೆಲವೇ ಸೆಕೆಂಡುಗಳಲ್ಲಿ ಸದ್ದು ಮಾಡಿದರೆ ಮಾತ್ರ ತಿಂಡಿ. ಆಮೇಲೆ, ಅದೇ ಸದ್ದನ್ನು ಹೋಲುವಂತೆ ಮಾಡಿದರೆ ಮಾತ್ರ. ಹೀಗೆ ದಿನವೂ ಗಂಟೆಗಟ್ಟಲೆ ನಡೆದ ತರಬೇತಿಯಲ್ಲಿ ಇಬ್ಬರೂ ಪದಗಳನ್ನು ಅನುಕರಿಸಲು ಕಲಿತರು. ಇಂಥ ಮಕ್ಕಳು ಕಲಿಯಲಾರರು ಎಂಬ ನಂಬಿಕೆಗೆ ಇದು ದೊಡ್ಡ ಪೆಟ್ಟು ಕೊಟ್ಟಿತು, ಸಂಸ್ಥೆಗಳಲ್ಲಿ ಕೂಡಿಹಾಕುತ್ತಿದ್ದ ಮಕ್ಕಳ ಹೆತ್ತವರಿಗೆ ಆಸೆ ಹುಟ್ಟಿಸಿತು. ಆದರೆ ಇದರ ಇನ್ನೊಂದು ಮುಖ ಕರಾಳ. ಆ ಪ್ರಯೋಗಾಲಯದಲ್ಲಿ ಮಕ್ಕಳಿಗೆ ಏಟು ಬೀಳುತ್ತಿತ್ತು, ವಿದ್ಯುತ್ ಆಘಾತವನ್ನೂ ಬಳಸಲಾಗಿತ್ತು. ಕಲಿತ ಪದಗಳು ತರಬೇತಿಯ ಕೋಣೆ ದಾಟಿ ಬಳಕೆಗೆ ಬರುವುದೂ ಸುಲಭವಿರಲಿಲ್ಲ. ಮಗು ಕೇಳಿದ್ದನ್ನೇ ಮರಳಿ ಹೇಳಿದರೆ, ಅದು ನಿಲ್ಲಿಸಬೇಕಾದ ಕೆಟ್ಟ ಚಾಳಿ ಎಂದು ಆ ಕಾಲದ ಹಲವು ತರಬೇತಿಗಳು ಬಗೆದವು.

ನಮ್ಮ ನಾಡಿನ ಕತೆ ಶುರುವಾಗುವುದೂ ಇದೇ ದಶಕದಲ್ಲಿ. 1965ರಲ್ಲಿ ಮೈಸೂರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಸಂಸ್ಥೆ ಮುಂದೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಾಯಿತು. ಮೈಸೂರಿನವರ ಬಾಯಲ್ಲಿ ಅದು ‘ಆಯಿಷ್’. ಮಾನಸಗಂಗೋತ್ರಿಯ ಆವರಣದಲ್ಲಿರುವ ಈ ಸಂಸ್ಥೆಗೆ ದೇಶದ ಮೂಲೆಮೂಲೆಗಳಿಂದ ಮಕ್ಕಳನ್ನು ಕರೆದುಕೊಂಡು ಜನ ಬರುತ್ತಾರೆ. ಇಲ್ಲಿ ಕಲಿತು ಹೊರಬಂದವರಿಗೆ ಬೇಗನೆ ಎದುರಾದ ತೊಡಕು ಭಾಷೆಯದು. ಪಠ್ಯಪುಸ್ತಕಗಳು, ಪರೀಕ್ಷೆಗಳು ಎಲ್ಲವೂ ಇಂಗ್ಲಿಷ್ ಮಕ್ಕಳಿಗಾಗಿ ಮಾಡಿದವು. ಕನ್ನಡದ ಮಗು ‘ಳ’ವನ್ನು ಯಾವ ವಯಸ್ಸಿಗೆ ಹೇಳಬೇಕು, ‘ಬಂದ’, ‘ಬಂದಳು’, ‘ಬಂದೆ’ಗಳ ವ್ಯತ್ಯಾಸ ಯಾವಾಗ ತಿಳಿಯಬೇಕು ಎಂಬುದು ಇಂಗ್ಲಿಷ್ ಪರೀಕ್ಷೆಯಿಂದ ಗೊತ್ತಾಗುವುದಿಲ್ಲ. ಹಾಗಾಗಿ ಕನ್ನಡದ ಉಚ್ಚಾರಣೆ, ಪದಸಂಪತ್ತು, ವಾಕ್ಯರಚನೆಗಳನ್ನು ಅಳೆಯುವ ಪರೀಕ್ಷೆಗಳನ್ನು ಇಲ್ಲಿಯವರೇ ಒಂದೊಂದಾಗಿ ರೂಪಿಸಬೇಕಾಯಿತು.

ಮರಳಿ ಹೇಳುವ ಮಾತಿನ ಬಗ್ಗೆ ನಿಲುವು ಬದಲಾದದ್ದು 1981ರಲ್ಲಿ. ಬ್ಯಾರಿ ಪ್ರಿಜಂಟ್ ಮತ್ತು ಜುಡಿತ್ ಡ್ಯೂಕನ್ ಎಂಬ ಅಮೆರಿಕದ ಇಬ್ಬರು ವಾಕ್ ತಜ್ಞರು ಆಟಿಸಂ ಇರುವ ನಾಲ್ಕು ಮಕ್ಕಳ ದಿನಚರಿಯನ್ನು ವಿಡಿಯೊ ಮಾಡಿ, ಅವರು ಪ್ರತಿಧ್ವನಿಯಂತೆ ಹೇಳಿದ ಸಾವಿರಕ್ಕೂ ಹೆಚ್ಚು ಮಾತುಗಳನ್ನು ಪರಿಶೀಲಿಸಿದರು. ಪದಗಳನ್ನಷ್ಟೇ ಬರೆದುಕೊಳ್ಳದೆ, ಆ ಹೊತ್ತಿಗೆ ಮಗು ಎಲ್ಲಿ ನೋಡುತ್ತಿತ್ತು, ಕೈ ಎತ್ತ ಚಾಚಿತ್ತು, ದನಿಯ ಏರಿಳಿತ ಹೇಗಿತ್ತು ಎಂಬುದನ್ನೂ ಗಮನಿಸಿದರು. ಆಗ ಆ ಪ್ರತಿಧ್ವನಿಗಳಲ್ಲಿ ಏಳು ಬಗೆಯ ಕೆಲಸಗಳು ಕಂಡವು. ಕೆಲವು ಬೇಡಿಕೆ, ಕೆಲವು ಹೌದೆಂಬ ಉತ್ತರ, ಕೆಲವು ಸಂಭಾಷಣೆಯಲ್ಲಿ ತನ್ನ ಸರದಿ ತುಂಬುವುದು, ಕೆಲವು ತನಗೆ ತಾನೇ ಹೇಳಿಕೊಂಡು ಸಮಾಧಾನಪಟ್ಟುಕೊಳ್ಳುವುದು. ಗುರಿಯಿಲ್ಲದ ಪ್ರತಿಧ್ವನಿಗಳೂ ಇದ್ದವು, ಆದರೆ ಅವು ಒಂದು ಬಗೆ ಮಾತ್ರ.

ಇದನ್ನು ಕನ್ನಡದಲ್ಲಿ ಯೋಚಿಸಿ ನೋಡಿ. ‘ನೀರು ಬೇಕಾ?’ ಎಂದು ಅಮ್ಮ ಕೇಳುತ್ತಾಳೆ. ‘ನೀರು ಬೇಕಾ?’ ಎಂದೇ ಮಗು ಮರಳಿ ಹೇಳುತ್ತದೆ, ಕಣ್ಣು ಬಿಂದಿಗೆಯ ಮೇಲಿದೆ. ಅದು ಉತ್ತರವೇ. ಕನ್ನಡದಲ್ಲಿ ನಾವು ‘ಬೇಕಾ?’ ಎಂಬ ಪ್ರಶ್ನೆಗೆ ‘ಬೇಕು’ ಎಂದೂ, ‘ಊಟ ಆಯ್ತಾ?’ ಎಂಬುದಕ್ಕೆ ‘ಆಯ್ತು’ ಎಂದೂ ಉತ್ತರಿಸುತ್ತೇವೆ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಇರುವುದು ಕೊನೆಯ ಒಂದು ಸ್ವರ ಮಾತ್ರ. ‘ಬೇಕು’ ಎಂಬ ಪದ ನಾನು, ನೀನು, ಅವನು ಯಾರಿಗಾದರೂ ಬದಲಾಗುವುದೂ ಇಲ್ಲ. ಹಾಗಾಗಿ ಥೆರಪಿಸ್ಟ್ ಮಗುವಿನ ಮಾತನ್ನು ತಡೆಯುವುದಿಲ್ಲ. ಪ್ರಶ್ನೆ ಕೇಳುವುದನ್ನು ಕಡಿಮೆ ಮಾಡಿ, ಮಗು ಹೇಳಬೇಕಾದ ಮಾತನ್ನೇ ಅದರ ಪರವಾಗಿ ‘ನೀರು ಬೇಕು’ ಎಂದು ಹೇಳಿ, ತಕ್ಷಣ ನೀರು ಕೊಡುತ್ತಾರೆ. ಮಗು ಅದನ್ನೂ ಮರಳಿ ಹೇಳುತ್ತದೆ. ಈ ಸಲ ಅದು ಸರಿಯಾದ ವಾಕ್ಯ. ಗಿಣಿಪಾಠವನ್ನೇ ಮೆಟ್ಟಿಲು ಮಾಡಿಕೊಳ್ಳುವ ಉಪಾಯವಿದು.

ಮಾತು ಬಾರದೇ ಉಳಿದ ಮಕ್ಕಳ ಪಾಲಿಗೆ ವಿಕ್ಟರ್‌ನ ಅಕ್ಷರಗಳು ಇನ್ನೊಂದು ರೂಪದಲ್ಲಿ ಬಂದವು. 1985ರ ಹೊತ್ತಿಗೆ ಅಮೆರಿಕದ ಡೆಲವೇರ್‌ನಲ್ಲಿ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ಚಿತ್ರಗಳನ್ನು ಕೊಟ್ಟು ಪಡೆಯುವ ಕ್ರಮವೊಂದನ್ನು ರೂಪಿಸಿದರು. ಬಿಸ್ಕತ್ತು ಬೇಕಾದ ಮಗು ಬಿಸ್ಕತ್ತಿನ ಚಿತ್ರವನ್ನು ಎತ್ತಿ ಎದುರಿನವರ ಕೈಗೆ ಕೊಡಬೇಕು. ಕೊಟ್ಟರೆ ಬಿಸ್ಕತ್ತು. ಗುಟ್ಟು ಇರುವುದು ಇನ್ನೊಬ್ಬರ ಬಳಿ ಹೋಗಿ ಕೈಗೆ ಕೊಡುವುದರಲ್ಲಿ. ಹೇಳುವುದೆಂದರೆ ಇನ್ನೊಬ್ಬರಿಗೆ ಹೇಳುವುದು ಎಂಬ ತಿಳಿವಳಿಕೆ ಪದಕ್ಕಿಂತ ಮೊದಲು ಬರಬೇಕು. ಚಿತ್ರ ಕೊಟ್ಟರೆ ಮಗು ಸೋಮಾರಿಯಾಗಿ ಮಾತೇ ಕಲಿಯುವುದಿಲ್ಲ ಎಂಬ ಹೆದರಿಕೆ ಹೆತ್ತವರಲ್ಲಿ ಸಹಜ. ಚಿತ್ರ, ಸನ್ನೆ, ಯಂತ್ರಗಳ ನೆರವು ಪಡೆದವರ ಕುರಿತ ಅಧ್ಯಯನಗಳನ್ನು 2006ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ನೆಚ್ಚಬಹುದಾದ 27 ಪ್ರಕರಣಗಳಲ್ಲಿ ಒಂದರಲ್ಲೂ ಮಾತು ಕಡಿಮೆಯಾಗಿರಲಿಲ್ಲ. ಹೆಚ್ಚಿನವರಲ್ಲಿ ಸ್ವಲ್ಪವಾದರೂ ಹೆಚ್ಚಿತ್ತು.

ಕೇಳಿಸಿಕೊಳ್ಳುವುದಕ್ಕೂ ಒಂದು ಅಪಾಯವಿದೆ. ನಮಗೆ ಬೇಕಾದದ್ದನ್ನೇ ಕೇಳಿಸಿಕೊಂಡುಬಿಡುವ ಅಪಾಯ ಅದು. 1990ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದಿಂದ ಅಮೆರಿಕಕ್ಕೆ ಬಂದ ‘ಫೆಸಿಲಿಟೇಟೆಡ್ ಕಮ್ಯುನಿಕೇಶನ್’ ಎಂಬ ಕ್ರಮದಲ್ಲಿ, ಸಹಾಯಕರೊಬ್ಬರು ಮಗುವಿನ ಕೈ ಹಿಡಿದು ಕೀಲಿಮಣೆಯ ಮೇಲೆ ಬರೆಸುತ್ತಿದ್ದರು. ಎಂದೂ ಮಾತಾಡದ ಮಕ್ಕಳು ಒಮ್ಮೆಲೇ ಪ್ರಬಂಧ ಬರೆಯತೊಡಗಿದರು. ಹೆತ್ತವರು ಕಣ್ಣೀರಿಟ್ಟರು. ಆಮೇಲೆ ಸರಳವಾದ ಪರೀಕ್ಷೆಯೊಂದು ನಡೆಯಿತು. ಮಗುವಿಗೆ ಒಂದು ಚಿತ್ರ, ಸಹಾಯಕರಿಗೆ ಇನ್ನೊಂದು ಚಿತ್ರ ತೋರಿಸಿದರು. ಕೈ ಬರೆದದ್ದು ಸಹಾಯಕರು ಕಂಡ ಚಿತ್ರದ ಹೆಸರನ್ನು. ಅವರು ಬೇಕೆಂದು ಮೋಸ ಮಾಡಿರಲಿಲ್ಲ, ತಮ್ಮ ಕೈಯೇ ಬರೆಯುತ್ತಿದೆ ಎಂಬುದು ಅವರಿಗೂ ಗೊತ್ತಿರಲಿಲ್ಲ. ಮಗುವಿನ ಹೆಸರಿನಲ್ಲಿ ಬೇರೆಯವರು ಮಾತಾಡಿಬಿಟ್ಟರೆ, ಮಗುವಿನ ಮೌನ ಇನ್ನೂ ಆಳವಾಗುತ್ತದೆ.

ಇದೇ ಎಚ್ಚರ ನಮ್ಮ ನೆಲಕ್ಕೂ ತಾಗಿದೆ. ಮೈಸೂರು, ಬೆಂಗಳೂರುಗಳಲ್ಲಿ ಬಾಲ್ಯ ಕಳೆದ ತಿತೋ ಮುಖೋಪಾಧ್ಯಾಯ ಎಂಬ ಹುಡುಗ, ಬಾಯಿಮಾತು ತೀರಾ ಕಡಿಮೆಯಿದ್ದರೂ, ತಾಯಿ ಸೋಮಾ ಕಲಿಸಿದ ಕ್ರಮದಿಂದ ಬರೆಯಲು ಕಲಿತ. 2000ದಲ್ಲಿ ಬ್ರಿಟನ್ನಿನಲ್ಲಿ ಅವನ ಪುಸ್ತಕ ಪ್ರಕಟವಾಯಿತು. ಅವನು ಪೆನ್ಸಿಲ್ ಹಿಡಿದು ತಾನೇ ಬರೆಯಬಲ್ಲ. ಆದರೆ ಅದೇ ಕ್ರಮವನ್ನು, ಇನ್ನೊಬ್ಬರು ಅಕ್ಷರದ ಹಲಗೆ ಹಿಡಿಯುವಂತೆ, ಬೇರೆ ಮಕ್ಕಳಿಗೆ ಬಳಸಿದಾಗ ಮಾತು ಮಗುವಿನದೇ ಎಂಬುದಕ್ಕೆ ಪುರಾವೆ ಸಿಕ್ಕಿಲ್ಲ. ಅಮೆರಿಕದ ವಾಕ್ ತಜ್ಞರ ಸಂಘ 2018ರಲ್ಲಿ ಅದನ್ನು ಬಳಸಬೇಡಿ ಎಂದಿತು. ಒಬ್ಬ ಹುಡುಗನ ಗೆಲುವು ನಿಜವಾಗಿದ್ದೂ, ಅದರ ದಾರಿ ಎಲ್ಲರ ದಾರಿಯಾಗದೇ ಹೋಗಬಹುದು.

ಹೊಸ ಶತಮಾನದಲ್ಲಿ ಗಮನ ಮತ್ತೆ ಹೆತ್ತವರ ಕಡೆ ತಿರುಗಿತು, ಈ ಸಲ ದೂರಲು ಅಲ್ಲ. ಬೆಂಗಳೂರಿನಲ್ಲಿ ವಾಕ್ ತಜ್ಞೆ ಪ್ರತಿಭಾ ಕಾರಂತ ಅವರು ರೂಪಿಸಿದ ‘ಕಾಮ್ ಡೀಲ್’ ಕ್ರಮ ಚಿಕ್ಕ ಮಕ್ಕಳ ಮಾತು, ಚಲನೆ, ಒಡನಾಟಗಳನ್ನು ಬೇರೆ ಬೇರೆಯಾಗಿ ನೋಡದೆ ಒಟ್ಟಿಗೆ ಬೆಳೆಸಲು ಹೊರಟಿತು. ಬ್ರಿಟನ್ನಿನಲ್ಲಿ 152 ಮಕ್ಕಳ ಮೇಲೆ ನಡೆದ ‘ಪ್ಯಾಕ್ಟ್’ ಎಂಬ ಅಧ್ಯಯನದಲ್ಲಿ ಥೆರಪಿಸ್ಟ್ ಮಗುವಿಗೆ ನೇರವಾಗಿ ಪಾಠ ಹೇಳಲಿಲ್ಲ. ಹೆತ್ತವರು ಮಗುವಿನ ಜೊತೆ ಆಡುವುದನ್ನು ವಿಡಿಯೊ ಮಾಡಿ, ಅವರೊಂದಿಗೆ ಕೂತು ನೋಡಿದರು. ಮಗು ಕಾರಿನ ಗಾಲಿಯತ್ತ ನೋಡಿ ಒಂದು ಸದ್ದು ಮಾಡಿದ ಆ ಒಂದು ಕ್ಷಣದಲ್ಲಿ ವಿಡಿಯೊ ನಿಲ್ಲಿಸಿ, ಇಲ್ಲಿ ಮಗು ನಿಮಗೆ ಏನೋ ಹೇಳಿತು ನೋಡಿ ಎನ್ನುವುದು ಈ ಕ್ರಮದ ತಿರುಳು. 2010ರಲ್ಲಿ ಪ್ರಕಟವಾದ ಫಲಿತಾಂಶ ಮಿಶ್ರವಾಗಿತ್ತು. ಹೆತ್ತವರು ಸ್ಪಂದಿಸುವ ರೀತಿ ಬಹಳ ಸುಧಾರಿಸಿತ್ತು, ಆಟಿಸಂನ ಲಕ್ಷಣಗಳಲ್ಲಿ ದೊಡ್ಡ ಬದಲಾವಣೆ ಕಂಡಿರಲಿಲ್ಲ. ವರ್ಷಗಳ ನಂತರ ಅದೇ ಮಕ್ಕಳನ್ನು ನೋಡಿದಾಗ, ಆ ಲಕ್ಷಣಗಳ ತೀವ್ರತೆಯೂ ಸ್ವಲ್ಪ ಇಳಿದಿತ್ತು ಎಂದು 2016ರಲ್ಲಿ ವರದಿಯಾಯಿತು. ಅದೇ ಕ್ರಮವನ್ನು ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳಿಗಾಗಿ ಒಗ್ಗಿಸಿ, ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ನಡೆಸಿದರು. ಅಲ್ಲಿಯೂ ಹೆತ್ತವರ ಸ್ಪಂದನ ಹೆಚ್ಚಿತು, ಮಕ್ಕಳು ತಾವಾಗಿಯೇ ಮಾತು ತೆಗೆಯುವುದು ಹೆಚ್ಚಿತು. ವಾಕ್ ತಜ್ಞರು ನಗರಗಳಲ್ಲಷ್ಟೇ ಸಿಗುವ ನಮ್ಮಂಥ ದೇಶಕ್ಕೆ ಇದು ಸಣ್ಣ ಸಂಗತಿಯಲ್ಲ.

ಚರಿತ್ರೆ ಇಷ್ಟು ಹೇಳಿದ ಮೇಲೂ ಮನೆಗಳಲ್ಲಿ ಎರಡು ಮಾತುಗಳು ಹಾಗೇ ಉಳಿದಿವೆ. ಒಂದು, ‘ಅವರಪ್ಪನೂ ತಡವಾಗಿಯೇ ಮಾತಾಡಿದ್ದು, ಕಾಯೋಣ ಬಿಡಿ’ ಎಂಬುದು. ಮಾತು ತಡವಾದ ಮಕ್ಕಳೆಲ್ಲರಿಗೂ ಆಟಿಸಂ ಇರುವುದಿಲ್ಲ, ನಿಜ. ಮಾತಿಲ್ಲದಿದ್ದರೂ ಬೆರಳು ಮಾಡಿ ನಾಯಿ ತೋರಿಸುವ, ಹೆಸರು ಕರೆದರೆ ತಿರುಗುವ, ಸುಳ್ಳುಸುಳ್ಳೇ ಅಡುಗೆ ಆಟ ಆಡುವ ಮಗುವಿನ ತಡ ಬೇರೆ. ಇವೊಂದೂ ಇಲ್ಲದ ಮಗುವಿನ ತಡ ಬೇರೆ. ಯಾವುದೇ ಆದರೂ, ಎರಡು ವರ್ಷಕ್ಕೆ ಎರಡು ಪದ ಜೋಡಿಸದಿದ್ದರೆ, ಬಂದ ಮಾತು ನಿಂತುಹೋದರೆ, ಮೊದಲು ಕಿವಿ ಪರೀಕ್ಷೆ, ಜೊತೆಗೇ ವಾಕ್ ತಜ್ಞರ ಭೇಟಿ ಆಗಲೇಬೇಕು. ಇನ್ನೊಂದು, ‘ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷ್ ಒಂದನ್ನೇ ಮಾತಾಡಿ’ ಎಂಬ ಸಲಹೆ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಇರುವ ಮಕ್ಕಳ ಮಾತು ಇನ್ನಷ್ಟು ತಡವಾಗುತ್ತದೆ ಎಂಬುದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಅಜ್ಜಿ ಆಡುವ ಭಾಷೆಯನ್ನು ಮಗುವಿನಿಂದ ಕಿತ್ತುಕೊಂಡರೆ, ಅದರೊಡನೆ ಮಾತಾಡಬಲ್ಲ ಒಬ್ಬರು ಕಡಿಮೆಯಾಗುತ್ತಾರೆ, ಅಷ್ಟೇ.

ತಡವಾಗಿ ಹೋದವರಿಗೆ ಬಾಗಿಲು ಮುಚ್ಚಿರುವುದೂ ಇಲ್ಲ. ನಾಲ್ಕು ವರ್ಷಕ್ಕೆ ಪದ ಜೋಡಿಸಿ ಮಾತಾಡದಿದ್ದ, ಆಟಿಸಂ ಇರುವ 535 ಮಕ್ಕಳನ್ನು ಕುರಿತು ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅವರಲ್ಲಿ ಶೇಕಡಾ 70ರಷ್ಟು ಮಕ್ಕಳು ಮುಂದೆ ಪದ ಜೋಡಿಸಿದರು, ಸುಮಾರು ಅರ್ಧದಷ್ಟು ಮಕ್ಕಳು ಸರಾಗವಾಗಿ ಮಾತಾಡಿದರು. ಉಳಿದವರು ಪದ ಜೋಡಿಸಿ ಮಾತಾಡುವ ಹಂತ ತಲುಪಲಿಲ್ಲ. ಅವರಿಗೆ ಚಿತ್ರ, ಸನ್ನೆ, ಅಕ್ಷರ, ಮೊಬೈಲಿನ ಪರದೆ ಏನು ಒದಗುತ್ತದೋ ಅದೇ ಮಾತು. ನಮ್ಮ ದೇಶದಲ್ಲಿ ಆಟಿಸಂ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯೊಳಗೆ ಬಂತು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಜೊತೆಗೆ ವಾಕ್ ಮತ್ತು ಭಾಷಾ ನ್ಯೂನತೆಯನ್ನೂ ಹೆಸರಿಸಿ ಸೇರಿಸಿತು. ನೆರವು ಈಗ ದಯೆಯಲ್ಲ, ಹಕ್ಕು.

ಕಾನರ್‌ನ ಮೊದಲ ಮಗು ಡೊನಾಲ್ಡ್ ಮುಂದೆ ಕಾಲೇಜು ಓದಿದ, ಮಿಸಿಸಿಪ್ಪಿಯ ತನ್ನ ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿದ, ಕಾರು ಓಡಿಸಿದ, ಒಬ್ಬನೇ ದೇಶ ವಿದೇಶ ಸುತ್ತಿದ. 2023ರಲ್ಲಿ, 89ನೆಯ ವಯಸ್ಸಿನಲ್ಲಿ ತೀರಿಕೊಂಡ. ಅವನ ಊರಿನವರು ಅವನ ವಿಚಿತ್ರ ಮಾತಿಗೆ ಒಗ್ಗಿಕೊಂಡಿದ್ದರು. ಅವನು ಜನರಿಗೆ ಸಂಖ್ಯೆಗಳನ್ನು ಕೊಟ್ಟು ಕರೆಯುತ್ತಿದ್ದ. ತಮ್ಮ ಸಂಖ್ಯೆ ಯಾವುದೆಂದು ಆ ಜನರಿಗೆ ನೆನಪಿತ್ತು.